ಮೂರು ಕಲ್ಲಿನ ಒಲೆ, ಒಂದೇ ಪಾತ್ರೆ: ಬಯಲಿನ ಅಡುಗೆಯ ಕ್ರಮ

ಬಯಲಿನಲ್ಲಿ ಅಡುಗೆ ಮಾಡಲು ದುಬಾರಿ ಸಲಕರಣೆಗಳು ಬೇಕಿಲ್ಲ. ಮುಚ್ಚಳವಿರುವ ಒಂದು ದಪ್ಪ ತಳದ ಪಾತ್ರೆ, ಉದ್ದ ಹಿಡಿಯ ಸೌಟು, ಚಾಕು, ಬೆಂಕಿಪೊಟ್ಟಣ ಹಾಗೂ ಎರಡು ಕೊಡ ನೀರಿದ್ದರೆ ನಾಲ್ಕು ಜನರ ಊಟ ಸಿದ್ಧವಾಗುತ್ತದೆ. ಆದರೆ ಬೆಂಕಿಯನ್ನು ಹೊತ್ತಿಸಲು ಬಲ್ಲವರು ಅದನ್ನು ಪೂರ್ಣವಾಗಿ ಆರಿಸಲೂ ಬಲ್ಲವರಾಗಿರಬೇಕು.

ಸ್ಥಳ: ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಆದುದರಿಂದ ಮಾಲೀಕರ ಒಪ್ಪಿಗೆಯಿರುವ ಹೊಲ, ತೋಟ ಅಥವಾ ಅನುಮತಿಯುಳ್ಳ ಶಿಬಿರದ ಅಂಗಳವನ್ನೇ ಆರಿಸಿಕೊಳ್ಳಬೇಕು. ಒಲೆಯ ಸುತ್ತ ಸುಮಾರು 3 ಮೀಟರ್‌ವರೆಗೆ ತರಗೆಲೆ, ಒಣಹುಲ್ಲನ್ನು ಗುಡಿಸಿ ಬರಿ ನೆಲ ಕಾಣುವಂತೆ ಮಾಡಬೇಕು. ಗಾಳಿ ಜೋರಾಗಿದ್ದರೆ ಒಲೆ ಹೂಡದಿರುವುದೇ ಲೇಸು.

ಒಲೆ: ಸಮ ಎತ್ತರದ ಮೂರು ಒಣ ಕಲ್ಲುಗಳನ್ನು ಪಾತ್ರೆ ಅಲುಗಾಡದಂತೆ ಜೋಡಿಸಬೇಕು. ಹೊಳೆಯ ಕಲ್ಲು ಸಲ್ಲದು. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುವ ಅಪಾಯವಿದೆ. ಮೊದಲು ಪುರಲೆ, ನಂತರ ಬೆರಳು ಗಾತ್ರದ ಕಡ್ಡಿ, ಕೊನೆಗೆ ದಪ್ಪ ಸೌದೆ ಒಡ್ಡಬೇಕು. ಕಣಗಿಲೆ ವಿಷಕಾರಿ. ಅದನ್ನು ಉರುವಲಿಗಾಗಲಿ, ತರಕಾರಿ ಚುಚ್ಚಿ ಸುಡುವ ಕಡ್ಡಿಯಾಗಿಯಾಗಲಿ ಬಳಸಬಾರದು.

ಅಡುಗೆ: ಪಾತ್ರೆಯ ಹೊರಮೈಗೆ ಒದ್ದೆ ಮಣ್ಣನ್ನು ತೆಳುವಾಗಿ ಬಳಿದರೆ ಮಸಿ ಸುಲಭವಾಗಿ ತೊಳೆದುಹೋಗುತ್ತದೆ. ಎರಡು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ, ಕುದಿಯುವ ಹತ್ತು ಲೋಟ ನೀರಿಗೆ ಹಾಕಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿದರೆ ಹುಗ್ಗಿಯಾಗುತ್ತದೆ. ಕುದಿ ಬರುವವರೆಗೆ ಮಾತ್ರ ಉರಿ ಬೇಕು. ಅನಂತರ ಸೌದೆ ಹಿಂದಕ್ಕೆಳೆದು, ಮುಚ್ಚಳ ಮುಚ್ಚಿ, ಆಗಾಗ ತಿರುವುತ್ತ ಕೆಂಡದ ಮೇಲೆ ಬೇಯಿಸಿದರೆ ತಳ ಹಿಡಿಯುವುದಿಲ್ಲ. ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ, ಗಿರಿಪ್ರದೇಶಗಳಲ್ಲಿ ಅಕ್ಕಿ, ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಕೆಲವು ಪದಾರ್ಥಗಳಿಗೆ ಪಾತ್ರೆಯೂ ಬೇಡ. ಗೆಣಸನ್ನು ಬಿಸಿ ಬೂದಿಯಲ್ಲಿ ಹೂತು, ಮೇಲೆ ಕೆಂಡ ಹರಡಿದರೆ ಮುಕ್ಕಾಲು ಗಂಟೆಯೊಳಗೆ ಹದವಾಗಿ ಬೇಯುತ್ತದೆ. ಬದನೆಕಾಯಿಯನ್ನು ಅಲ್ಲಲ್ಲಿ ಚುಚ್ಚಿ ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಹಸಿಮೆಣಸು, ಈರುಳ್ಳಿ, ಹುಣಸೆರಸದೊಡನೆ ಕಿವುಚಿದರೆ ಗೊಜ್ಜು ಸಿದ್ಧ.

ಬೆಂಕಿ ಆರಿಸುವುದು: ಕೆಂಡದ ಮೇಲೆ ಬರಿ ಮಣ್ಣು ಮುಚ್ಚಿ ಹೋಗುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮಣ್ಣಿನಡಿ ಕೆಂಡ ಗಂಟೆಗಟ್ಟಲೆ ಉಳಿದು, ಗಾಳಿಗೆ ಮತ್ತೆ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಒಂದು ಕೊಡ ನೀರನ್ನು ಇದಕ್ಕೆಂದೇ ತೆಗೆದಿರಿಸಬೇಕು. ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿಯಬೇಕು. ಬೂದಿಯ ಮೇಲೆ ಅಂಗೈ ಹಿಡಿದಾಗ ಕಾವು ತಾಗದಿದ್ದರೆ ಮಾತ್ರ ಹೊರಡಬಹುದು. ಚಳಿಯೆಂದು ಕೆಂಡವನ್ನು ಡೇರೆಯೊಳಗೆ ಒಯ್ಯುವುದು ಪ್ರಾಣಾಪಾಯಕರ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ.