ಬರ್ಲಿನ್ನಿನಲ್ಲಿ ಉಳಿದ ಮೊಲ

ಮಕ್ಕಳಿಗೆ ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ತಾಯಂದಿರಾದ ನಮ್ಮನ್ನೆಲ್ಲ ಕಾಡುವ ಪ್ರಶ್ನೆ. ಮನೆಯ ಸಾಲ, ಬಂಧುಗಳ ಜಗಳ ಇವನ್ನೇ ನಾವು ಅವರ ಕಿವಿಗೆ ಬೀಳದಂತೆ ಪಿಸುಮಾತಿನಲ್ಲಿ ಆಡುತ್ತೇವೆ. ಹಾಗಿರುವಾಗ ಹಿಟ್ಲರನ ಕಾಲದಲ್ಲಿ ಯೆಹೂದ್ಯರಿಗೆ ಆದದ್ದನ್ನು ಹತ್ತು ವರ್ಷದ ಮಗುವಿಗೆ ಹೇಗೆ ಹೇಳುವುದು? ಸುಮಾರು 60 ಲಕ್ಷ ಜನರ ಕೊಲೆ, ಅವರಲ್ಲಿ 15 ಲಕ್ಷದಷ್ಟು ಮಕ್ಕಳು ಎಂದರೆ ದೊಡ್ಡವರಾದ ನಮ್ಮ ಮನಸ್ಸಿಗೇ ಅದು ನಿಲುಕುವುದಿಲ್ಲ.

ಈ ಪ್ರಶ್ನೆ ಜೂಡಿತ್ ಕೆರ್ ಎಂಬ ಲೇಖಕಿಗೂ ಎದುರಾಯಿತು. ಆಕೆ ಲಂಡನ್ನಿನಲ್ಲಿ ನೆಲೆಸಿ, ಮಕ್ಕಳಿಗಾಗಿ ಚಿತ್ರಕಥೆಗಳನ್ನು ಬರೆಯುತ್ತಿದ್ದವರು. ಎಂಟು ವರ್ಷದ ಮಗ ‘ಸೌಂಡ್ ಆಫ್ ಮ್ಯೂಸಿಕ್’ ಸಿನಿಮಾ ನೋಡಿ, ಅಮ್ಮನ ಬಾಲ್ಯ ಹೇಗಿತ್ತೆಂದು ಈಗ ತಿಳಿಯಿತು ಎಂದು ಸಂತೋಷಪಟ್ಟನಂತೆ. ಹಾಡು, ಬೆಟ್ಟ, ಕೊನೆಗೊಂದು ಸುಖದ ಪಲಾಯನ! ಹಾಗಿರಲಿಲ್ಲ ಮಗೂ ಎಂದು ಹೇಳಲೆಂದೇ ಆಕೆ ಬರೆದ ಕಾದಂಬರಿ 1971ರಲ್ಲಿ ಪ್ರಕಟವಾಯಿತು. ಅದರ ಹೆಸರು ‘ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ್‍ಯಾಬಿಟ್’. ಹಿಟ್ಲರ್ ಗುಲಾಬಿ ಮೊಲವನ್ನು ಕದ್ದಾಗ ಎಂದರ್ಥ.

ಕಥೆಯ ಹಿಂದಿನ ಸಂಗತಿಗಳು ನಿಜ. ಜೂಡಿತ್‌ಳ ತಂದೆ ಆಲ್ಫ್ರೆಡ್ ಕೆರ್ ಬರ್ಲಿನ್ನಿನ ಹೆಸರಾಂತ ನಾಟಕ ವಿಮರ್ಶಕರು, ನಾತ್ಸಿಗಳನ್ನು ಬಹಿರಂಗವಾಗಿ ಟೀಕಿಸಿದವರು. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಫೆಬ್ರವರಿಯಲ್ಲಿ ಜ್ವರದಿಂದ ಮಲಗಿದ್ದ ಆಲ್ಫ್ರೆಡ್‌ಗೆ ಒಬ್ಬ ಪೊಲೀಸಿನವನು ಫೋನ್ ಮಾಡಿ, ನಿಮ್ಮ ಪಾಸ್‌ಪೋರ್ಟ್ ಕಿತ್ತುಕೊಳ್ಳಲಿದ್ದಾರೆ ಎಂದು ಎಚ್ಚರಿಸಿದ. ಅವರು ಜ್ವರದಲ್ಲೇ ಎದ್ದು ಗಡಿ ದಾಟಿದರು. ಮಾರ್ಚ್ 5ರ ಚುನಾವಣೆಗೆ ಮೊದಲೇ ಹೆಂಡತಿ ಯೂಲಿಯಾ ಇಬ್ಬರು ಮಕ್ಕಳೊಂದಿಗೆ ರೈಲು ಹತ್ತಿದರು. ಚುನಾವಣೆಯ ಮರುದಿನ ಬೆಳಿಗ್ಗೆ ಪಾಸ್‌ಪೋರ್ಟ್ ಕೇಳಿಕೊಂಡು ಮನೆ ಬಾಗಿಲಿಗೆ ಜನ ಬಂದರು. ಮೇ 10ರಂದು ಸುಟ್ಟ ಪುಸ್ತಕಗಳಲ್ಲಿ ಆಲ್ಫ್ರೆಡ್‌ರವೂ ಇದ್ದವು.

ಕಾದಂಬರಿಯಲ್ಲಿ ಇದೆಲ್ಲವೂ ಒಂಬತ್ತು ವರ್ಷದ ಅನ್ನಾ ಎಂಬ ಹುಡುಗಿಯ ಕಣ್ಣಿಗೆ ಕಂಡಷ್ಟೇ ಬರುತ್ತದೆ. ಹೊರಡುವಾಗ ಒಂದೇ ಆಟಿಕೆಗೆ ಜಾಗ. ಸವೆದುಹೋದ ಹಳೆಯ ಗುಲಾಬಿ ಮೊಲವೇ, ಹೊಸ ನಾಯಿಯೇ? ಅವಳು ನಾಯಿಯನ್ನು ಆರಿಸುತ್ತಾಳೆ. ಮುಂದೆ ಮನೆಯ ವಸ್ತುಗಳೆಲ್ಲ ಜಪ್ತಿಯಾದವೆಂದು ತಿಳಿದಾಗ, ತನ್ನ ಮೊಲದ ಜೊತೆ ಈಗ ಹಿಟ್ಲರ್ ಆಡುತ್ತಿರಬಹುದೆಂದು ಯೋಚಿಸುತ್ತಾಳೆ. ಅಪ್ಪನ ತಲೆಗೆ ಬೆಲೆ ಕಟ್ಟಿದ್ದಾರೆಂದು ಕೇಳಿದರೆ, ಅವರ ತಲೆಯ ಮೇಲೆ ನಾಣ್ಯಗಳು ಸುರಿದು ಉಸಿರುಕಟ್ಟುವ ಚಿತ್ರ ಅವಳಿಗೆ ಬರುತ್ತದೆ. ಓದುವಾಗ ನಗು ಬರುತ್ತದೆ, ನಕ್ಕ ಮೇಲೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಯೂಲಿಯಸ್ ಎಂಬ ಕುಟುಂಬದ ಗೆಳೆಯನ ಕಥೆಯೂ ಹಾಗೆಯೇ. ಅಜ್ಜಿಯೊಬ್ಬರು ಯೆಹೂದ್ಯರೆಂಬ ಕಾರಣಕ್ಕೆ ಅವನ ಕೆಲಸ ಹೋಗುತ್ತದೆ. ಕೊನೆಗೆ ಅವನ ಪ್ರಿಯವಾದ ಪ್ರಾಣಿಸಂಗ್ರಹಾಲಯಕ್ಕೆ ಹೋಗುವ ಪಾಸನ್ನೂ ಕಿತ್ತುಕೊಳ್ಳುತ್ತಾರೆ. ಅವನು ನಿದ್ರೆಮಾತ್ರೆ ನುಂಗುತ್ತಾನೆ. ಒಂದು ಪಾಸಿಗಾಗಿ ಮನುಷ್ಯ ಸಾಯುತ್ತಾನೆಯೇ ಎಂದು ಮಗು ಕೇಳಬಹುದು. ಕೇಳಲಿ. ಅವಮಾನವೆಂದರೇನು ಎಂದು ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ನನ್ನ ಮನಸ್ಸು ಮಾತ್ರ ಅನ್ನಾಳ ತಾಯಿಯ ಬಳಿಯೇ ನಿಲ್ಲುತ್ತದೆ. ಬರ್ಲಿನ್ನಿನಲ್ಲಿ ಅಡಿಗೆಗೆ, ಮಕ್ಕಳನ್ನು ನೋಡಿಕೊಳ್ಳಲು ಆಳುಕಾಳು ಇದ್ದ, ಪಿಯಾನೋ ನುಡಿಸುತ್ತಿದ್ದ ಹೆಂಗಸು ಪ್ಯಾರಿಸ್ಸಿನ ಚಿಕ್ಕ ಬಾಡಿಗೆ ಮನೆಯಲ್ಲಿ ಅಡಿಗೆ, ಹೊಲಿಗೆ ಕಲಿಯಬೇಕಾಗುತ್ತದೆ. ಬಾಡಿಗೆ ತಡವಾದರೆ ಹೀನಾಯ ಮಾತು ಕೇಳಬೇಕು. ಮಕ್ಕಳು ಹೊಸ ಭಾಷೆ ಕಲಿತು, ಹೊಸ ಊರಲ್ಲಿ ಹಾಯಾಗಿದ್ದಾರೆ. ಅವರು ಹಾಗಿರಲೆಂದು ಆಕೆ ಪಟ್ಟ ಪಾಡು ಸಾಲುಗಳ ನಡುವೆ ಇದೆ. ಆ ಪಾಡಿನ ಲೆಕ್ಕ ತೆರೆಯುವುದು 1978ರಲ್ಲಿ ಬಂದ ಮೂರನೆಯ ಪುಸ್ತಕದಲ್ಲಿ. ಅಲ್ಲಿ ಬೆಳೆದ ಅನ್ನಾ, ಆತ್ಮಹತ್ಯೆಗೆ ಯತ್ನಿಸಿದ ತಾಯಿಯನ್ನು ನೋಡಲು 1956ರ ಬರ್ಲಿನ್ನಿಗೆ ಹೋಗುತ್ತಾಳೆ. ಮಕ್ಕಳ ಪಾಲಿನ ಭಯವನ್ನೂ ತಾನೇ ನುಂಗಿದವಳಿಗೆ ಅದು ಎಲ್ಲಿಗೆ ಹೋದೀತು?

ಕುಟುಂಬ 1936ರಲ್ಲಿ ಪ್ಯಾರಿಸ್ ಬಿಟ್ಟು ಲಂಡನ್ ಸೇರಿತು. ಅದೇ ಪ್ಯಾರಿಸ್ಸಿನಲ್ಲಿ 1942ರ ಜುಲೈನಲ್ಲಿ ಎರಡು ದಿನಗಳೊಳಗೆ ಸುಮಾರು 13 ಸಾವಿರ ಯೆಹೂದ್ಯರನ್ನು ಫ್ರೆಂಚ್ ಪೊಲೀಸರೇ ಹಿಡಿದರು. 4 ಸಾವಿರಕ್ಕೂ ಹೆಚ್ಚು ಮಕ್ಕಳು ಅವರಲ್ಲಿದ್ದರು. ನಾವೆಲ್ಲ ಡೈರಿಯಿಂದ ಬಲ್ಲ ಆನ್ ಫ್ರಾಂಕ್‌ಳ ಕುಟುಂಬವೂ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟಿತ್ತು. ಆದರೆ ಅವರು ನಿಂತದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಲ್ಲಿಗೂ ಜರ್ಮನ್ ಸೈನ್ಯ ಬಂತು. 1945ರ ಆರಂಭದಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆಕೆ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡಳು. ಇಬ್ಬರು ಹುಡುಗಿಯರಲ್ಲಿ ಯಾವ ಗುಣದ ಅಂತರವೂ ಇರಲಿಲ್ಲ. ಒಬ್ಬಳ ಮುಂದೆ ಸಮುದ್ರ ಅಡ್ಡವಿತ್ತು, ಇನ್ನೊಬ್ಬಳಿಗೆ ಇರಲಿಲ್ಲ.

ಜೂಡಿತ್ ಇದನ್ನು ಮರೆಯಲಿಲ್ಲ. 2019ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆದರು. ತನ್ನ ಅದೃಷ್ಟ ಸಿಗದೆ ಹೋದ 15 ಲಕ್ಷ ಮಕ್ಕಳನ್ನು ನೆನೆದು, ತನಗೆ ದಕ್ಕಿದ ದಿನಗಳನ್ನು ವ್ಯರ್ಥ ಮಾಡಬಾರದೆಂಬ ಭಾವದಲ್ಲೇ ಬದುಕಿದರು.

ಈ ಪುಸ್ತಕದ ಕಥೆ ಶಿಬಿರಗಳೊಳಗೆ ಹೋಗುವುದಿಲ್ಲ, ಹೆಣಗಳನ್ನು ತೋರಿಸುವುದಿಲ್ಲ. ಅದಕ್ಕೇ ಹತ್ತು ವರ್ಷದವರ ಕೈಗೆ ಧೈರ್ಯವಾಗಿ ಕೊಡಬಹುದು. ಕೊಟ್ಟು ನಾವು ಅಡಿಗೆಮನೆಗೆ ಹೋಗಿಬಿಡುವಂತಿಲ್ಲ. ಪಕ್ಕದಲ್ಲಿ ಕೂತು ಓದಬೇಕು. ಮೊಲದ ಕಥೆ ಮುಗಿದ ಮೇಲೆ ಮಗು ಮೊದಲು ಕೇಳುವುದು, ಬರ್ಲಿನ್ನಿನಿಂದ ಹೊರಡಲಾಗದೆ ಉಳಿದ ಮಕ್ಕಳು ಏನಾದರು ಎಂದು. ಅದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ, ನಾವೇ ಹೇಳಬೇಕು.