ಸಬ್ಜೆಕ್ಟ್ ಸಾಲಿನ ಕನ್ನಡ ಮತ್ತು ಸ್ಪ್ಯಾಮ್ ಜರಡಿ

ಸ್ಪ್ಯಾಮ್ ತಡೆಯೋ ಜರಡಿಗಳ ಇತಿಹಾಸವನ್ನ ಸಾಮಾನ್ಯವಾಗಿ ಕಳ್ಳ-ಪೊಲೀಸ್ ಆಟದ ಥರ ಹೇಳ್ತಾರೆ. ಕನ್ನಡದಲ್ಲಿ ಕುಟ್ಟುವ ನಮ್ಮಂಥವರ ಕಡೆಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. "ವಿಚಿತ್ರ ಅಕ್ಷರ" ಅಂದರೆ ಯಾರಿಗೆ ವಿಚಿತ್ರ?

ಮೊದಲಿಂದ ಬರೋಣ. 1978ರ ಮೇ 3ರಂದು ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಆರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಕಂಪ್ಯೂಟರಿನ ಜಾಹೀರಾತು ಕಳಿಸಿದರು. ಅದನ್ನೇ ಮೊದಲ ಸ್ಪ್ಯಾಮ್ ಅಂತಾರೆ. 1982ರ ಆರ್‌ಎಫ್‌ಸಿ 822 ಪ್ರಕಾರ ಸಬ್ಜೆಕ್ಟ್ ಸಾಲಿನಲ್ಲಿ ಆಸ್ಕಿಯ 128 ಸಂಕೇತಗಳಿಗೆ ಮಾತ್ರ ಜಾಗ. ಮಿಕ್ಕ ಭಾಷೆಗಳಿಗೆ 1992ರಲ್ಲಿ ಒಂದು ದಾರಿ ಸಿಕ್ಕಿತು, 1996ರ ಆರ್‌ಎಫ್‌ಸಿ 2047ರಲ್ಲಿ ಅದು ಗಟ್ಟಿಯಾಯಿತು. ಆ ದಾರಿ ಏನಪ್ಪಾ ಅಂದ್ರೆ, ಇಂಗ್ಲಿಷ್ ಅಕ್ಷರಗಳ ವೇಷ ಹಾಕಿಕೊಂಡು ಹೋಗೋದು!

ನಮ್ಮ ಹಾಸನದ ಕಡೆಯ ನಾಲ್ಕು ಊರುಗಳನ್ನೇ ತಗೊಳ್ಳಿ. "ಹಾಸನ" ಅನ್ನೋದು ಯೂನಿಕೋಡ್‌ನಲ್ಲಿ 4 ಸಂಕೇತ, ಯುಟಿಎಫ್-8ರಲ್ಲಿ 12 ಬೈಟ್. ಬೇಸ್64 ವೇಷ ಹಾಕಿದರೆ 16 ಅಕ್ಷರ, ಹಿಂದೆ ಮುಂದೆ ಗುರುತು ಸೇರಿ 28. ಹೊಳೆನರಸೀಪುರಕ್ಕೆ 56, ಅರಕಲಗೂಡಿಗೆ 44, ಚನ್ನರಾಯಪಟ್ಟಣಕ್ಕೆ 60. ಇಂಥ ಒಂದು ತುಂಡು 75 ಅಕ್ಷರ ಮೀರುವ ಹಾಗಿಲ್ಲ. ಹಾಗಾಗಿ ನಾಲ್ಕೂ ಊರು ಒಂದೇ ಸಬ್ಜೆಕ್ಟಿನಲ್ಲಿ ಬಂದರೆ ಮೂರು ತುಂಡು ಮಾಡಬೇಕು, ಅದೂ ಸಂಕೇತದ ನಡುವೆ ಕತ್ತರಿಸದ ಹಾಗೆ. ತಪ್ಪಿ ಕತ್ತರಿಸಿದ ತಂತ್ರಾಂಶದಿಂದ ಬಂದ ಪತ್ರದಲ್ಲಿ ಡಬ್ಬಿಗಳು, ಪ್ರಶ್ನಾರ್ಥಕ ಚಿಹ್ನೆಗಳು!

ಜರಡಿಗಳು ಹುಟ್ಟಿದ್ದು ಈ ಲೋಕದಲ್ಲಿ. ಪ್ರೋಕ್‌ಮೇಲ್ ಬಳಸುವವರ ನಡುವೆ ಓಡಾಡಿದ ಒಂದು ಸೂತ್ರ ಚೀನಿ, ಜಪಾನಿ, ಕೊರಿಯನ್ ಲಿಪಿಸಂಕೇತಗಳ ಹೆಸರು ಸಬ್ಜೆಕ್ಟಿನಲ್ಲಿ ಕಂಡರೆ ಪತ್ರವನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಆ ಪಟ್ಟಿಗೆ ಇಟ್ಟ ಹೆಸರೇ "ಅನ್‌ರೀಡಬಲ್". ಓದಲಾಗದ್ದು! ಕೋಟ್ಯಂತರ ಜನ ದಿನಾ ಓದೋ ಲಿಪಿಗಳವು.

2001ರಲ್ಲಿ ಜಸ್ಟಿನ್ ಮೇಸನ್ ಶುರುಮಾಡಿದ ಸ್ಪ್ಯಾಮ್‌ಅಸಾಸಿನ್ ಸ್ವಲ್ಪ ಮೆದು. ಒಂದೊಂದು ಅನುಮಾನಕ್ಕೂ ಅಂಕ ಕೊಟ್ಟು, ಒಟ್ಟು 5 ಮುಟ್ಟಿದರೆ ಸ್ಪ್ಯಾಮ್ ಅನ್ನುತ್ತೆ. ನಮಗೆ ಯಾವ ಲಿಪಿಗಳು ಬೇಕು ಅಂತ ಹೇಳೋಕೂ ಅದರಲ್ಲಿ ಸೌಲಭ್ಯವಿದೆ. ಆದರೆ ಆ ಪಟ್ಟಿಯಲ್ಲಿರೋದು ಪಾಶ್ಚಾತ್ಯ, ಜಪಾನಿ, ಕೊರಿಯನ್, ರಷ್ಯನ್, ಥಾಯ್, ಚೀನಿ. ಭಾರತದ ಒಂದೂ ಇಲ್ಲ. ಯುಟಿಎಫ್-8 ಮಾತ್ರ ಎಲ್ಲರಿಗೂ ಸರಿ ಅಂತ ಬಿಟ್ಟಿದ್ದರಿಂದ ಯೂನಿಕೋಡ್ ಕನ್ನಡ ಆ ಬಾಗಿಲು ದಾಟಿತು.

ಹಳೆಯ ನುಡಿ ಫಾಂಟಿನ ಕನ್ನಡದ ಪಾಡು ಬೇರೆ. ಅಲ್ಲಿ "ಕನ್ನಡ" ಅಂತ ಬರೆದರೆ ಕಂಪ್ಯೂಟರಿಗೆ ಕಾಣೋದು ಪಿ, ಗೀಟು ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನಿನ ಎಸ್ಸೆಟ್, ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಔಷಧಿ ಮಾರುವ ಸ್ಪ್ಯಾಮಿಗರೂ ಜರಡಿಯ ಕಣ್ತಪ್ಪಿಸಲು ಹೀಗೇ ಗೀಟು ಹೊತ್ತ ಅಕ್ಷರಗಳನ್ನ ತುರುಕುತ್ತಿದ್ದರು. ಅಮಾಯಕನ ಮುಖ, ಕಳ್ಳನ ಮುಖ ಎರಡೂ ಒಂದೇ ಥರ!

ನನ್ನ ಪ್ರಕಾರ ದೊಡ್ಡ ತಿರುವು 2002ರ ಆಗಸ್ಟಿನದು. ಪಾಲ್ ಗ್ರಹಾಂ "ಎ ಪ್ಲಾನ್ ಫಾರ್ ಸ್ಪ್ಯಾಮ್" ಪ್ರಬಂಧದಲ್ಲಿ, ಅಕ್ಷರದ ಚಹರೆ ನೋಡಿ ನಿಯಮ ಬರೆಯೋದು ಬಿಟ್ಟು, ಆಯಾ ಬಳಕೆದಾರನಿಗೆ ಬರೋ ಒಳ್ಳೆಯ ಪತ್ರ, ಕೆಟ್ಟ ಪತ್ರ ಎರಡರ ಪದಗಳನ್ನೂ ಎಣಿಸಿ ಕಲಿಯೋಣ ಅಂದರು. ಹೀಗೆ ಕಲಿಯೋ ಜರಡಿಗೆ, ಕನ್ನಡ ಪತ್ರ ಬರೆಯುವವನ ಪೆಟ್ಟಿಗೆಯಲ್ಲಿ ಕನ್ನಡವೇ ಸಜ್ಜನಿಕೆಯ ಸಾಕ್ಷಿ.

ಆಟ ಮುಗಿದಿಲ್ಲ. ಪದದ ನಡುವೆ ಕಾಣದ ಶೂನ್ಯ ಅಗಲದ ಅಕ್ಷರ ಸೇರಿಸೋದು ಸ್ಪ್ಯಾಮಿಗರ ಇನ್ನೊಂದು ಉಪಾಯ. ಆದರೆ "ರಾಜ್‌ಕುಮಾರ್" ಅಂತ ಬಿಡಿಸಿ ಬರೆಯೋಕೆ ನಮಗೂ ಅಂಥದ್ದೇ ಒಂದು ಬೇಕು, ಇಲ್ಲದಿದ್ದರೆ ಕ ಒತ್ತಾಗಿ ಕೆಳಗಿಳಿಯುತ್ತೆ. ಇಂಗ್ಲಿಷಿನ ಓ ಥರ ಕಾಣೋ ನಮ್ಮ ಸೊನ್ನೆಯೂ ಯೂನಿಕೋಡಿನ "ಮೋಸದ ಹೋಲಿಕೆ" ಪಟ್ಟಿಯಲ್ಲಿದೆ. 2014ರ ಆಗಸ್ಟಿನಲ್ಲಿ ಜಿಮೇಲ್, ಲಿಪಿಗಳನ್ನ ಬೆರೆಸಿ ದಾರಿ ತಪ್ಪಿಸುವ ಪತ್ರಗಳನ್ನ ತಡೆಯೋದಾಗಿ ಹೇಳಿತು. ಅಂದರೆ ತಪ್ಪು ಲಿಪಿಯದ್ದಲ್ಲ, ಮೋಸದ ಬೆರಕೆಯದ್ದು. ಇದು ಸರಿಯಾದ ಗೆರೆ.

ಅದಕ್ಕೇ ಸ್ಪ್ಯಾಮ್‌ಗೆ ಹೆದರಿ ಸಬ್ಜೆಕ್ಟ್ ಮಾತ್ರ ಇಂಗ್ಲಿಷಿನಲ್ಲಿ ಹಾಕಬೇಡಿ. ಕಸದ ಡಬ್ಬಿಯಲ್ಲಿ ಕನ್ನಡದ ಒಳ್ಳೆ ಪತ್ರ ಸಿಕ್ಕರೆ "ಇದು ಸ್ಪ್ಯಾಮ್ ಅಲ್ಲ" ಗುಂಡಿ ಒತ್ತಿ. ಕಲಿಯುವ ಜರಡಿಗೆ ಕಲಿಸಬೇಕಾದವರು ನಾವೇ ತಾನೆ :-)