ಕರಾರಿಗೊಂದು ನೆನಪಿನ ಕಲ್ಲು

ತಾಂಬಾ, ಇಂಡಿ, ಸಿಂದಗಿಯ ಸೀಮೆಯಲ್ಲಿ ನೀರೇ ದೊಡ್ಡ ಆಸ್ತಿ. ಕನ್ನಡ ನಾಡಿನ ಹಿಂದಿನವರು ಕೆರೆ ಕಾಯುವವರಿಗೆ ಬಿಟ್ಟ 'ಬಿತ್ತುವಟ್ಟ' ಭೂಮಿಯ ಕರಾರನ್ನು ಕಲ್ಲಿನಲ್ಲೇ ಕೆತ್ತಿಸುತ್ತಿದ್ದರು. ದತ್ತಿ ಶಾಸನಗಳ ನೆತ್ತಿಯಲ್ಲಿ ಸಾಮಾನ್ಯವಾಗಿ ಲಿಂಗ, ಕರುವಿಗೆ ಹಾಲೂಡುವ ಆಕಳು, ಮೇಲೆ ಸೂರ್ಯ ಚಂದ್ರ. ಸೂರ್ಯ ಚಂದ್ರರಿರುವ ತನಕ ಕರಾರು ನಡೆಯಬೇಕು. ಕೊನೆಯಲ್ಲಿ ತಪ್ಪಿದವರಿಗೆ ಶಾಪ. ಇಂದಿನ ವಕೀಲರ ದಂಡದ ಕಲಮಿಗಿಂತ ಅದೇ ಖಾರ! ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕನ್ನಡ ಶಾಸನಗಳನ್ನು ನೋಡಬಹುದು.

ಈಚಿನ ಕಾಲದಲ್ಲೂ ನೀರಿಗಾಗಿ ಕಲ್ಲು ಇಟ್ಟದ್ದುಂಟು: 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಆಗ ಅವರು ಕೇಂದ್ರ ಸಚಿವರು. ಮೂರು ವಾರ ಕಳೆಯುವುದರೊಳಗೆ ಪ್ರಧಾನಿಯಾದರು. ಜಲಾಶಯಕ್ಕೆ ಅವರದೇ ಹೆಸರು. ಇಲ್ಲಿನ ಜಲವಿದ್ಯುತ್ ಘಟಕದ ಸಾಮರ್ಥ್ಯ 290 ಮೆಗಾವ್ಯಾಟ್. ಕೂಡಗಿಯ 2,400 ಮೆಗಾವ್ಯಾಟ್‌ನ ಎನ್‌ಟಿಪಿಸಿ ಸ್ಥಾವರಕ್ಕೂ ಆಲಮಟ್ಟಿಯದೇ ನೀರು.

ಅಂದಿನ ಕರಾರಿಗೆ ಕಲ್ಲಾದರೆ, ಇಂದಿನ ಇಂಧನ ವ್ಯವಹಾರಗಳಿಗೆ ಅಕ್ರಿಲಿಕ್ ಸ್ಮರಣಿಕೆ. ತೈಲ, ಕಲ್ಲಿದ್ದಲು, ಪವನ ವಿದ್ಯುತ್ತಿನ ಒಪ್ಪಂದ ಕುದುರಿದ ಮೇಲೆ ಬ್ಯಾಂಕಿನವರು, ವಕೀಲರು, ಕಂಪನಿಯವರು ಅಂಗೈಯಗಲದ ಪಾರದರ್ಶಕ ಗಟ್ಟಿ ಮಾಡಿಸಿ ಹಂಚಿಕೊಳ್ಳುವುದು ದೊಡ್ಡ ಪೇಟೆಗಳ ರೂಢಿ. ಅದರಲ್ಲಿ ಕಂಪನಿಗಳ ಹೆಸರು, ಮೊತ್ತ, ತಾರೀಖು. ಕೆಲವುಗಳಲ್ಲಿ ಗಾಳಿಯಂತ್ರದ ಪುಟ್ಟ ಮಾದರಿ. ಇನ್ನು ಕೆಲವುಗಳಲ್ಲಿ ನಿಜವಾದ ಕಚ್ಚಾತೈಲ. ಗಟ್ಟಿಯನ್ನು ಓರೆ ಮಾಡಿದರೆ ಕಪ್ಪು ತೈಲ ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾವಕಾಶ ಸರಿಯುತ್ತದೆ.

ನೆಲ ಬಿಟ್ಟುಕೊಟ್ಟ ಊರಿನ ಹೆಸರಿಗೆ ಈ ಗಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಶಾಸನಗಳಾದರೋ ಹೊಲದ ಎಲ್ಲೆಗಳನ್ನೂ ಬರೆಯುತ್ತಿದ್ದವು.